ಗಾಜಿನ ತೊಟ್ಟಿಯಲ್ಲಿ ಕಡಲಿನ ಹರಿವು: ಬೆಂಗಳೂರಿನ ಮನೆಯಲ್ಲಿ ಸಾಧ್ಯವೇ?

ಬೆಂಗಳೂರು: ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಕಡಲು ಸುಮಾರು 300 ಕಿ.ಮೀ. ದೂರ. ಸಮುದ್ರ ಮಟ್ಟದಿಂದ ಎತ್ತರವೋ 900 ಮೀಟರಿಗೂ ಹೆಚ್ಚು. ಕೊಳವೆಬಾವಿಯ ನೀರು ಗಡಸು, ಬೇಸಿಗೆಯ ಗಾಳಿ ಒಣ, ವಿದ್ಯುತ್ ಯಾವಾಗ ಹೋದೀತೆಂದು ಹೇಳಲಾಗದು. ಹವಳದ ದಿಬ್ಬವನ್ನು ಹೋಲುವ ಉಪ್ಪುನೀರಿನ ಅಕ್ವೇರಿಯಂ ಇಡಲು ಇದಕ್ಕಿಂತ ಪ್ರತಿಕೂಲವಾದ ಊರನ್ನು ಹುಡುಕುವುದು ಕಷ್ಟ. ಆದರೂ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ಬಹುಮಹಡಿ ಮನೆಗಳಲ್ಲಿ ನೀಲಿ ದೀಪದ ಗಾಜಿನ ತೊಟ್ಟಿಗಳು ಕಾಣಸಿಗುತ್ತವೆ. ಸಿಹಿನೀರಿನ ಗೋಲ್ಡ್ ಫಿಶ್ ಸಾಕಿ ಪಳಗಿದವರು ಮುಂದಿನ ಹೆಜ್ಜೆಯಾಗಿ ಇತ್ತ ಹೊರಳುತ್ತಾರೆ. ಹೊರಳಿದವರಲ್ಲಿ ಹಲವರು ದೀಪಕ್ಕೂ ಮೀನಿಗೂ ಹಣ ಸುರಿಯುತ್ತಾರೆಯೇ ಹೊರತು, ನೀರು ಹೇಗೆ ಹರಿಯಬೇಕೆಂಬ ಪ್ರಶ್ನೆಯನ್ನು ಕೊನೆಗೆ ಬಿಡುತ್ತಾರೆ. ವಾಸ್ತವದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಅದಕ್ಕೂ ಮುಂಚೆ ಕಾನೂನಿನ ಮಾತೊಂದನ್ನು ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನು, ಕಪ್ಪು ಹವಳವನ್ನು, ಬೆಂಕಿ ಹವಳವನ್ನು, ಸಮುದ್ರ ಬೀಸಣಿಗೆಗಳನ್ನು ಸೇರಿಸಲಾಯಿತು. ಕಡಲ್ಗುದುರೆಗೂ ಅದೇ ರಕ್ಷಣೆ ದೊರೆಯಿತು. ಅಂದರೆ ಕಾಯಿದೆಯ ದೃಷ್ಟಿಯಲ್ಲಿ ಹವಳದ ತುಂಡಿಗೂ ಹುಲಿಯ ಉಗುರಿಗೂ ವ್ಯತ್ಯಾಸವಿಲ್ಲ. ಮೊದಲನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಸೆರೆವಾಸವಿದೆ. 2022ರ ತಿದ್ದುಪಡಿಯು ಕನಿಷ್ಠ ದಂಡವನ್ನು 25 ಸಾವಿರ ರೂಪಾಯಿಗೆ ಏರಿಸಿತು. 'ಜೀವಂತ ಕಲ್ಲು' ಎಂಬ ಹೆಸರಿನಲ್ಲಿ ಕೈಬದಲಾಗುವ ವಸ್ತುವು ಬಹುಮಟ್ಟಿಗೆ ಹವಳದ ಅಸ್ಥಿಪಂಜರವೇ ಆದ್ದರಿಂದ ಅದನ್ನು ಕೊಂಡವರೂ ನಿಶ್ಚಿಂತರಾಗಿರುವಂತಿಲ್ಲ. ವಿದೇಶದಿಂದ ಬಂದ ಜೀವಿಯೆಂದು ಮಾರಾಟಗಾರ ಹೇಳಿದರೆ ಅಷ್ಟಕ್ಕೇ ಸುಮ್ಮನಾಗಬಾರದು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂಬ ನಿಯಮಗಳು 2024ರಲ್ಲಿ ಜಾರಿಗೆ ಬಂದಿವೆ.

ಈ ಕಟ್ಟುಪಾಡು ಸುಮ್ಮನೆ ಹುಟ್ಟಿದ್ದಲ್ಲ. ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಹವಳದ ಬಂಡೆಯನ್ನು ಒಡೆದು ಸುಣ್ಣಕ್ಕೂ ಕಟ್ಟಡಕ್ಕೂ ಸಾಗಿಸಲಾಗಿತ್ತು. ಕರ್ನಾಟಕದವರಿಗೆ ಜೀವಂತ ಹವಳವನ್ನು ಕಾಣುವ ಆಸೆಯಿದ್ದರೆ ಮುರುಡೇಶ್ವರದಿಂದ ದೋಣಿಯಲ್ಲಿ ತಲುಪಬಹುದಾದ ನೇತ್ರಾಣಿ ದ್ವೀಪವಿದೆ. ಅಲ್ಲಿ ನೀರಿಗಿಳಿದು ನೋಡಿ ಬರಬಹುದು, ಕಿತ್ತು ತರುವಂತಿಲ್ಲ. ಹಾಗಾಗಿ ಬೆಂಗಳೂರಿನ ಮನೆಯೊಂದರಲ್ಲಿ ನ್ಯಾಯಬದ್ಧವಾಗಿ ಕಟ್ಟಬಹುದಾದದ್ದು ಹವಳದ ದಿಬ್ಬದ ಮಾದರಿಯ ತೊಟ್ಟಿ: ಸೆರಾಮಿಕ್ ಅಥವಾ ಸುಣ್ಣದ ಕಲ್ಲಿನ ರಚನೆ, ಕೃತಕ ಹವಳ, ಸಾಕಣೆ ಕೇಂದ್ರದಲ್ಲಿ ಮರಿಯಾದ ಕ್ಲೌನ್ ಮೀನು, ಒಂದೆರಡು ಸಿಗಡಿ. ಕ್ಲೌನ್ ಮೀನಿನ ಸಂತಾನೋತ್ಪತ್ತಿಯ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಬಹಳ ಹಿಂದೆಯೇ ಸಾಧಿಸಿ ತೋರಿಸಿದೆ. ಕಡಲಿನಿಂದ ಹಿಡಿದು ತಂದ ಮೀನಿಗಿಂತ ಹೀಗೆ ಬೆಳೆದ ಮೀನು ತೊಟ್ಟಿಗೆ ಬೇಗ ಹೊಂದಿಕೊಳ್ಳುತ್ತದೆ ಎಂಬುದೂ ಗಮನಾರ್ಹ.

ಹರಿವು ಏಕೆ ಬೇಕು?

ದಿಬ್ಬಕ್ಕೆ ಅಂಟಿಕೊಂಡು ಬದುಕುವ ಜೀವಿ ಊಟಕ್ಕಾಗಿ ಎಲ್ಲಿಗೂ ಹೋಗಲಾರದು. ಊಟ, ಆಮ್ಲಜನಕ, ಸುಣ್ಣದ ಅಂಶ ಎಲ್ಲವೂ ಅದರ ಬಳಿಗೇ ಹರಿದು ಬರಬೇಕು. ಕಸವೂ ಹರಿದೇ ಹೋಗಬೇಕು. ಯಾವುದೇ ಮೇಲ್ಮೈಯ ಮೇಲೆ ನೀರಿನ ತೆಳುವಾದ ಪದರವೊಂದು ಅಲುಗದೆ ನಿಂತಿರುತ್ತದೆ. ಅನಿಲಗಳೂ ಲವಣಗಳೂ ಆ ಪದರವನ್ನು ನಿಧಾನವಾಗಿ ನುಸುಳಿಯೇ ದಾಟಬೇಕು. ಹೊರಗಿನ ಹರಿವು ಜೋರಾದಷ್ಟೂ ಪದರ ತೆಳುವಾಗುತ್ತದೆ, ವಿನಿಮಯ ವೇಗ ಪಡೆಯುತ್ತದೆ. ಹವಳವಿಲ್ಲದ ತೊಟ್ಟಿಗೂ ಈ ಮಾತು ಸಲ್ಲುತ್ತದೆ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟಾಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಸಿರುತ್ತವೆ. ಅವು ಆಮ್ಲಜನಕ ಬೇಡುವ ಜೀವಿಗಳು. ಕಲ್ಲಿನ ಸುತ್ತ ನೀರು ನಿಂತರೆ ಶುದ್ಧೀಕರಣವೂ ನಿಂತಂತೆಯೇ.

ಬೆಂಗಳೂರಿನ ಎತ್ತರದ ಪ್ರಶ್ನೆ ಇಲ್ಲಿಯೇ ಎದುರಾಗುವುದು. ವಿದೇಶಿ ಪುಸ್ತಕಗಳ ಲೆಕ್ಕವೆಲ್ಲ ಸಮುದ್ರ ಮಟ್ಟದ್ದು. ಈ ನಗರದಲ್ಲಿ ವಾಯುಭಾರವು ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ, ಆದ್ದರಿಂದ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಅಷ್ಟೇ ಕಡಿಮೆ. 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಕಡಲ ನೀರು ಮಂಗಳೂರಿನಲ್ಲಿ ಲೀಟರಿಗೆ ಸುಮಾರು 6.6 ಮಿಲಿಗ್ರಾಂ ಆಮ್ಲಜನಕ ಕರಗಿಸಿಕೊಂಡರೆ ಯಲಹಂಕದಲ್ಲಿ ಅದು 5.9ರ ಆಸುಪಾಸಿಗೇ ತುಂಬಿಹೋಗುತ್ತದೆ. ಅದೇ ಉಷ್ಣತೆಯ ಸಿಹಿನೀರಿಗಾದರೆ ಕರಾವಳಿಯಲ್ಲಿ 8ರಷ್ಟು ಹಿಡಿಯುವ ಶಕ್ತಿಯಿದೆ. ಗೋಲ್ಡ್ ಫಿಶ್ ಸಾಕಿದ ಅನುಭವ ಉಪ್ಪುನೀರಿಗೆ ಸಾಲದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ರಾತ್ರಿ ಪಾಚಿಗಳೂ ಉಸಿರಾಡುವುದರಿಂದ ಬೆಳಗಿನ ಜಾವ ಆಮ್ಲಜನಕ ಅತ್ಯಂತ ಕೆಳಕ್ಕಿಳಿಯುತ್ತದೆ. ನಗರದ ಕೆರೆಗಳಲ್ಲಿ ಮೀನುಗಳು ಬೆಳಗಾಗುವ ಹೊತ್ತಿಗೆ ಸತ್ತು ತೇಲುವುದನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತಾಗ ಕೇಳಿಬಂದದ್ದೂ ಆಮ್ಲಜನಕದ ಕೊರತೆಯ ಮಾತೇ. ತೊಟ್ಟಿಯೆಂಬುದು ಇನ್ನೂ ಚಿಕ್ಕ ಕೆರೆ.

ನೀರಿನ ಮೇಲ್ಮೈ ಕದಡುತ್ತಿರಬೇಕು ಎಂಬ ನಿಯಮ ಹುಟ್ಟಿದ್ದು ಈ ಕಾರಣದಿಂದ. ಗಾಳಿಗುಳ್ಳೆಗಳು ಆಮ್ಲಜನಕ ಕೊಡುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಗುಳ್ಳೆಗಳ ಉಪಯೋಗ ಹೆಚ್ಚಾಗಿ ಅವು ನೀರನ್ನು ಮೇಲೆ ಕೆಳಗೆ ಮಾಡುವುದರಲ್ಲಿದೆ. ಅನಿಲ ವಿನಿಮಯ ಬಹುಪಾಲು ನಡೆಯುವುದು ಮೇಲ್ಮೈಯಲ್ಲಿ. ಅಲ್ಲಿ ಆಹಾರದ ಎಣ್ಣೆಯ ಪದರ ಕಟ್ಟಿಕೊಂಡರೆ ಪಂಪು ಎಷ್ಟು ದೊಡ್ಡದಿದ್ದರೂ ಪ್ರಯೋಜನ ಅಲ್ಪ. ಕಿಟಕಿ ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ ನೀರಿನ ಪಿ.ಎಚ್. ಇಳಿಯುವುದೂ ಉಂಟು. ಕಿಟಕಿ ತೆರೆಯುವುದೇ ಅದಕ್ಕೆ ಅಗ್ಗದ ಔಷಧ.

ಮೇಲಿನ ತೊಟ್ಟಿ, ಕೆಳಗಿನ ಸಂಪು

ಉಪ್ಪುನೀರಿನ ತೊಟ್ಟಿಯಲ್ಲಿ ಎರಡು ಬಗೆಯ ಹರಿವುಗಳಿವೆ. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಒಂದು, ಮೇಲಿನ ತೊಟ್ಟಿಯಿಂದ ಕೆಳಗಿನ ಸಂಪಿಗಿಳಿದು ಶೋಧನೆಗೊಂಡು ಹಿಂದಿರುಗುವ ಹರಿವು. ಇನ್ನೊಂದು, ತೊಟ್ಟಿಯೊಳಗೇ ಅಲೆಯೆಬ್ಬಿಸುವ ಪಂಪುಗಳು ಉಂಟುಮಾಡುವ ಹರಿವು. ಸಂಪಿನ ವ್ಯವಸ್ಥೆ ಬೆಂಗಳೂರಿಗರಿಗೆ ಅಪರಿಚಿತವೇನಲ್ಲ. ಅಂಗಳದ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಮೋಟಾರು ನೀರೇರಿಸುವುದೂ, ಟ್ಯಾಂಕ್ ತುಂಬಿ ಸುರಿದಾಗ ನೆರೆಮನೆಯವರು ಕೂಗುವುದೂ ನಿತ್ಯದ ಸಂಗತಿ. ಅಕ್ವೇರಿಯಂನಲ್ಲಿಯೂ ತತ್ತ್ವ ಅದೇ. ಸುರಿಯುವುದು ಮಾತ್ರ ಉಪ್ಪುನೀರು, ಅದೂ ಬೈಠಕ್ ಖಾನೆಯ ನೆಲದ ಮೇಲೆ.

ಉದಾಹರಣೆಗೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳಬಹುದು. ಒಟ್ಟು ಗಾತ್ರ 240 ಲೀಟರಿನಷ್ಟು. ಕಲ್ಲು, ಮರಳು ಕಳೆದು ನೀರು ಸುಮಾರು 200 ಲೀಟರ್. ಸಂಪಿನ ಮೂಲಕ ಗಂಟೆಗೆ ಇದರ 3ರಿಂದ 5 ಪಟ್ಟು, ಅಂದರೆ 600ರಿಂದ 1,000 ಲೀಟರ್ ಹಾಯ್ದರೆ ಸಾಕು. ಅಂಗಡಿಯಲ್ಲಿ ಇದಕ್ಕೆ ಗಂಟೆಗೆ 1,000 ಲೀಟರಿನ ಪಂಪು ಕೊಟ್ಟು ಕಳಿಸಿದರೆ ಗ್ರಾಹಕ ಮೋಸಹೋದಂತೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ಶೂನ್ಯ ಎತ್ತರದ್ದು. ಸಂಪಿನಿಂದ ತೊಟ್ಟಿಯ ಅಂಚಿಗೆ ನಾಲ್ಕು ಅಡಿಗೂ ಹೆಚ್ಚು ಏರಬೇಕಾದಾಗ ಅದೇ ಪಂಪಿನ ಸಾಮರ್ಥ್ಯ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಪಂಪಿನ ಜತೆ ಬರುವ ಎತ್ತರ-ಹರಿವಿನ ನಕ್ಷೆಯನ್ನು ನೋಡಿ ಕೊಳ್ಳಬೇಕು. ಮನೆಯಲ್ಲಿ ಪರೀಕ್ಷಿಸುವುದು ಇನ್ನೂ ಸುಲಭ: ಹಿಂದಿರುಗುವ ಕೊಳವೆಯನ್ನು ಅದೇ ಎತ್ತರದಲ್ಲಿ ಹಿಡಿದು 10 ಲೀಟರಿನ ಬಕೆಟ್ ತುಂಬಿಸಿದಾಗ 40 ಸೆಕೆಂಡ್ ಹಿಡಿದರೆ ಹರಿವು ಗಂಟೆಗೆ 900 ಲೀಟರ್.

ಕೊಳವೆಯ ವ್ಯಾಸದಲ್ಲಿ ಜಿಪುಣತನ ಸಲ್ಲದು. ಅಷ್ಟೇ ನೀರನ್ನು ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನ ಕೊಳವೆಯಲ್ಲಿ ಹರಿಸಿದರೆ ಘರ್ಷಣೆಯ ನಷ್ಟ ಏಳನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಪಿವಿಸಿ ಮೊಣಕೈಗಳ ಸಂಖ್ಯೆ ತಗ್ಗಿದಷ್ಟೂ ಲೇಸು. ಪ್ಲಂಬರ್‌ಗಳು ಅಭ್ಯಾಸಬಲದಿಂದ ಸೇರಿಸುವ ಹಿತ್ತಾಳೆಯ ಎಲ್ಬೋ, ನಲ್ಲಿಗಳನ್ನು ಖಡಾಖಂಡಿತವಾಗಿ ಬೇಡವೆನ್ನಬೇಕು. ಅದರಲ್ಲಿನ ತಾಮ್ರವು ಉಪ್ಪುನೀರಿನಲ್ಲಿ ಕರಗಿ ಸಿಗಡಿ, ಬಸವನಹುಳುಗಳಂಥ ಬೆನ್ನೆಲುಬಿಲ್ಲದ ಜೀವಿಗಳನ್ನು ಕೊಲ್ಲುತ್ತದೆ.

ವಿದ್ಯುತ್ ಹೋದ ಕ್ಷಣ

ವಿನ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ಪಂಪು ಓಡುವಾಗಲ್ಲ, ನಿಂತಾಗ. ಪಂಪು ನಿಂತೊಡನೆ ಹಿಂದಿರುಗುವ ಕೊಳವೆಯು ಸೈಫನ್ ಆಗಿ ತೊಟ್ಟಿಯ ನೀರನ್ನು ಸಂಪಿಗೆ ಎಳೆಯತೊಡಗುತ್ತದೆ. ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ಅದು ನಿಲ್ಲುವುದಿಲ್ಲ. ಮೇಲೆ ಹೇಳಿದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 5.4 ಲೀಟರ್. ಕೊಳವೆಯ ಬಾಯಿ ಮೇಲ್ಮೈಯಿಂದ 5 ಸೆಂ.ಮೀ. ಕೆಳಗಿದ್ದರೆ 27 ಲೀಟರ್ ಇಳಿಯುತ್ತದೆ. ಕೊಳವೆಗಳಲ್ಲಿರುವುದನ್ನೂ ಸೇರಿಸಿದರೆ ಸಂಪಿನಲ್ಲಿ 35ರಿಂದ 40 ಲೀಟರಿನಷ್ಟು ಜಾಗ ಸದಾ ಖಾಲಿ ಇರಬೇಕು. ಇಲ್ಲದಿದ್ದರೆ ರಾತ್ರಿ ಕರೆಂಟ್ ಹೋದಾಗ ಮಲಗಿದವರಿಗೆ ತಿಳಿಯುವುದು ಬೆಳಿಗ್ಗೆ, ಅಥವಾ ಕೆಳಮನೆಯವರು ಬಾಗಿಲು ಬಡಿದಾಗ.

ಮೇಲ್ಮೈಗೆ ತುಸು ಕೆಳಗೆ ಕೊಳವೆಯಲ್ಲಿ ಚಿಕ್ಕ ರಂಧ್ರ ಕೊರೆದರೆ ಅದರ ಮೂಲಕ ಗಾಳಿ ನುಗ್ಗಿ ಸೈಫನ್ ಬೇಗ ಮುರಿಯುತ್ತದೆ. ಆದರೆ ಆ ರಂಧ್ರವನ್ನು ಪಾಚಿ ಮುಚ್ಚುತ್ತದೆ. ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು. ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಹಾಕಿ ಸಂಪನ್ನು ತುಂಬಿಸಿಡುವವರಿದ್ದಾರೆ. ಸುಣ್ಣ ಕಟ್ಟಿ ವಾಲ್ವ್ ಅರ್ಧ ತೆರೆದು ಕೂತ ದಿನ ಅವರ ಲೆಕ್ಕ ತಪ್ಪುತ್ತದೆ. ವಾಲ್ವ್ ಇದ್ದರೂ ಇಲ್ಲವೆಂದೇ ತಿಳಿದು ಸಂಪಿನ ಅಳತೆ ನಿರ್ಧರಿಸುವುದು ಸರಿಯಾದ ಕ್ರಮ.

ಇದರ ವಿರುದ್ಧ ದಿಕ್ಕಿನ ಅಪಾಯವೂ ಇದೆ. ಕೆಳಗಿಳಿಯುವ ಕೊಳವೆಗೆ ಬಸವನಹುಳುವೋ ಪಾಚಿಯ ಗಂಟೋ ಸಿಕ್ಕಿಕೊಂಡರೆ ಪಂಪು ಸಂಪಿನ ನೀರನ್ನೆಲ್ಲ ಮೇಲಕ್ಕೆ ತುಂಬುತ್ತಲೇ ಇರುತ್ತದೆ. ಸಂಪಿನಲ್ಲಿ ಪಂಪಿರುವ ಕೋಣೆಯನ್ನು ಚಿಕ್ಕದಾಗಿ ಕಟ್ಟಿ, ಅದರಲ್ಲಿನ ಅಷ್ಟೂ ನೀರು ಮೇಲೆ ಬಂದರೂ ತೊಟ್ಟಿ ತುಳುಕದಂತೆ ಅಂಚಿನ ಬಳಿ ಜಾಗ ಬಿಟ್ಟಿರಬೇಕು. ಇಳಿಯುವ ಕೊಳವೆಗಳು ಎರಡಿರಲಿ. ಎರಡನೆಯದು ಸಾಮಾನ್ಯವಾಗಿ ಒಣಗಿಯೇ ಇದ್ದು, ಮೊದಲನೆಯದು ಕಟ್ಟಿಕೊಂಡ ದಿನ ಕೆಲಸಕ್ಕೆ ಬರಲಿ.

ಕರೆಂಟಿಲ್ಲದ ಹೊತ್ತಿನಲ್ಲಿ ತೊಟ್ಟಿಯನ್ನು ಉಳಿಸುವುದು ಸಂಪಿನ ಪಂಪಲ್ಲ, ತೊಟ್ಟಿಯೊಳಗಿನ ಅಲೆ ಪಂಪು. ಮೀನು ಹೆಚ್ಚಿರುವ ತೊಟ್ಟಿಯಲ್ಲಿ ನೀರು ನಿಂತ ಕೆಲವೇ ಗಂಟೆಗಳಲ್ಲಿ ಉಸಿರಿನ ತೊಂದರೆ ಆರಂಭವಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದು ಅದರ ಸೂಚನೆ. 10 ವ್ಯಾಟಿನ ಒಂದು ಅಲೆ ಪಂಪನ್ನು ಮೇಲ್ಮೈಯತ್ತ ತಿರುಗಿಸಿ ಮನೆಯ ಇನ್ವರ್ಟರಿಗೆ ಜೋಡಿಸಿದರೆ ಸಾಕಾಗುತ್ತದೆ. 150 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಗೆ ಅದೊಂದು ಹೊರೆಯೇ ಅಲ್ಲ. ಇತರ ಬಳಕೆ ಇಲ್ಲದಿದ್ದರೆ ಎರಡು ದಿನಕ್ಕೂ ಮಿಗಿಲಾಗಿ ನಡೆಸೀತು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎ.ಸಿ. ಪಂಪುಗಳು ಗುಂಯ್‌ಗುಟ್ಟಿ ಬಿಸಿಯೇರುತ್ತವೆ, ಡಿ.ಸಿ. ಪಂಪುಗಳಿಗೆ ಆ ತೊಂದರೆ ಕಡಿಮೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯಿಂದ ಓಡುವ ಚಿಕ್ಕ ಗಾಳಿಪಂಪನ್ನಾದರೂ ಇಟ್ಟುಕೊಳ್ಳಬೇಕು.

ಅಲೆಯ ಲೆಕ್ಕ

ತೊಟ್ಟಿಯೊಳಗಿನ ಹರಿವಿಗೆ ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಅಂದಾಜುಗಳಿವೆ. ಮೀನು ಮತ್ತು ಕಲ್ಲು ಮಾತ್ರ ಇರುವ ತೊಟ್ಟಿಗೆ ಗಂಟೆಗೆ ನೀರಿನ ಗಾತ್ರದ 10ರಿಂದ 20 ಪಟ್ಟು ಹರಿವು ಸಾಕು. ಹೊರದೇಶಗಳಲ್ಲಿ ಗಟ್ಟಿ ಹವಳ ಬೆಳೆಸುವವರು 40 ಪಟ್ಟು ಮತ್ತು ಅದಕ್ಕೂ ಹೆಚ್ಚು ಇಡುತ್ತಾರೆ. ಈ ಸಂಖ್ಯೆಗಳಿಗೆ ಅತಿಯಾದ ಗೌರವ ಕೊಡಬೇಕಾಗಿಲ್ಲ. ಒಂದೇ ಕಡೆಯಿಂದ ಕೊಳಾಯಿಯಂತೆ ಚಿಮ್ಮುವ 4,000 ಲೀಟರಿಗಿಂತ ಎರಡು ಕಡೆಯಿಂದ ಸರದಿಯಂತೆ ಬೀಸುವ 3,000 ಲೀಟರ್ ಎಷ್ಟೋ ಮೇಲು. ನೇತ್ರಾಣಿಯ ಬಂಡೆಗಳ ಮೇಲೆ ಅಲೆ ಬರುತ್ತದೆ, ಹೋಗುತ್ತದೆ. ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನು ಅನುಕರಿಸಲು ಎದುರುಬದುರು ಗಾಜಿನ ಮೇಲೆ ಎರಡು ಪಂಪುಗಳನ್ನಿಟ್ಟು ಸರದಿ ಬದಲಿಸುತ್ತಾರೆ. ಕ್ಲೌನ್ ಮೀನು ಬಲಿಷ್ಠ ಈಜುಗಾರನಲ್ಲವಾದ್ದರಿಂದ ಒಂದು ಮೂಲೆಯಲ್ಲಾದರೂ ಅದಕ್ಕೆ ತಂಗುವಷ್ಟು ಶಾಂತ ನೀರು ಬೇಕು.

ಅಲೆ ಪಂಪುಗಳ ಸ್ಪಂದನವನ್ನು ಹೊಂದಿಸುವಾಗ ಒಂದು ಎಚ್ಚರಿಕೆ. ಪ್ರತಿ ತೊಟ್ಟಿಗೂ ತನ್ನದೇ ತೂಗಾಟದ ಕಾಲವಿದೆ. ನಾಲ್ಕು ಅಡಿ ಉದ್ದದ, 40 ಸೆಂ.ಮೀ. ನೀರಿರುವ ತೊಟ್ಟಿಯಲ್ಲಿ ಅದು ಸುಮಾರು 1.4 ಸೆಕೆಂಡ್. ಪಂಪು ಅದೇ ತಾಳಕ್ಕೆ ಒತ್ತಿದರೆ ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದಂತಾಗಿ ನೀರು ಅಂಚನ್ನು ದಾಟುವಷ್ಟು ಏರಿಳಿಯುತ್ತದೆ. ನೋಡಲು ಸೊಗಸು; ಗಾಜಿನ ಸಿಲಿಕೋನ್ ಬೆಸುಗೆಗೆ ಮಾತ್ರ ದಿನವಿಡೀ ಪೆಟ್ಟು.

ಕಲ್ಲನ್ನು ಹಿಂಬದಿಯ ಗಾಜಿಗೆ ಒರಗಿಸಿ ಗೋಡೆಯಂತೆ ಪೇರಿಸುವುದು ಇಲ್ಲಿ ಕಾಣುವ ಸಾಮಾನ್ಯ ಪದ್ಧತಿ. ಅದರ ಹಿಂದೆ ನೀರು ಸತ್ತಂತೆ ನಿಲ್ಲುತ್ತದೆ, ಕೊಳೆ ಕೂಡುತ್ತದೆ. ಗಾಜಿನಿಂದ ನಾಲ್ಕು ಬೆರಳು ದೂರದಲ್ಲಿ, ಕಮಾನುಗಳನ್ನು ಬಿಟ್ಟು, ದ್ವೀಪದಂತೆ ಕಟ್ಟಿದರೆ ನೀರು ಸುತ್ತಿ ಬರುತ್ತದೆ. ಚಿಟಿಕೆ ಆಹಾರವನ್ನು ಪುಡಿಮಾಡಿ ಬಿಟ್ಟು ಅದು ಎಲ್ಲೆಲ್ಲಿ ಹಾಯುತ್ತದೆ, ಎಲ್ಲಿ ಕೂರುತ್ತದೆ ಎಂದು ನೋಡಿದರೆ ಯಾವ ಉಪಕರಣವೂ ಬೇಕಾಗುವುದಿಲ್ಲ.

ಈ ವಿದ್ಯೆಗೆ ತನ್ನದೇ ಇತಿಹಾಸವಿದೆ. ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇದ್ದದ್ದು ಗಾಳಿಗುಳ್ಳೆ ಮತ್ತು ಕಲ್ಲು ಮಾತ್ರ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು 1980ರ ಸುಮಾರಿಗೆ ನೀರು ತುಂಬಿದೊಡನೆ ತಾನೇ ಮಗುಚಿಕೊಳ್ಳುವ ತೊಟ್ಟಿಲಿನಂಥ ಬಕೆಟ್ ಬಳಸಿ ಅಲೆ ಎಬ್ಬಿಸಿದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಬೃಹತ್ ಅಕ್ವೇರಿಯಂನಲ್ಲಿ ಅಲೆ ಯಂತ್ರವೇ ಇತ್ತು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ನೀರು ತಳ್ಳುವ ಪ್ರೊಪೆಲ್ಲರ್ ಪಂಪುಗಳು ಬಂದ ಮೇಲೆಯೇ ಇದು ಮಧ್ಯಮ ವರ್ಗದ ಮನೆಗೆ ನಿಲುಕುವಂತಾಯಿತು.

ಶಾಖ, ಉಪ್ಪು, ಭಾರ

ಪಂಪಿಗೆ ಹೋದ ವಿದ್ಯುತ್ ಕೊನೆಗೆ ಶಾಖವಾಗಿ ನೀರನ್ನೇ ಸೇರುತ್ತದೆ. ಎಲ್ಲ ಪಂಪುಗಳೂ ಸೇರಿ 45 ವ್ಯಾಟ್ ಬಳಸಿದರೆ ದಿನಕ್ಕೆ ಒಂದು ಯೂನಿಟ್‌ಗೂ ಸ್ವಲ್ಪ ಹೆಚ್ಚು. ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ 200 ಲೀಟರ್ ನೀರು ದಿನಕ್ಕೆ 4 ಡಿಗ್ರಿಗೂ ಹೆಚ್ಚು ಬಿಸಿಯಾದೀತು. ಬೆಂಗಳೂರಿನ ಹವೆ ಇಲ್ಲಿ ಉಪಕಾರಿ. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್‌ನ ಸಮೀಪದಷ್ಟು ಶಾಖವನ್ನು ಒಯ್ಯುತ್ತದೆ. ಮಾರ್ಚ್-ಏಪ್ರಿಲ್‌ನ ಒಣ ಗಾಳಿಯಲ್ಲಿ ಸಂಪಿನ ಮೇಲೆ ಚಿಕ್ಕ ಫ್ಯಾನ್ ಬೀಸಿದರೆ ದಿನಕ್ಕೆ ಒಂದೂವರೆ, ಎರಡು ಲೀಟರ್ ಆವಿಯಾಗಿ ಪಂಪಿನ ಶಾಖವೆಲ್ಲ ಕಳೆಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ನಗರದ ಉಷ್ಣತೆ 39.2 ಡಿಗ್ರಿಗೆ ಏರಿದ 2016ರ ಏಪ್ರಿಲ್‌ನಂಥ ದಿನಗಳಲ್ಲಿ ಫ್ಯಾನ್ ಒಂದೇ ಸಾಲದೆ ಹೋಗಬಹುದು.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಬೇಕಾದದ್ದು ಸಿಹಿನೀರು. ಕೊಳವೆಬಾವಿಯ ನೀರು ಇದಕ್ಕೆ ಒಗ್ಗದು. ಗಡಸುತನ, ನೈಟ್ರೇಟ್‌ಗಳು ದಿನೇ ದಿನೇ ಸಂಗ್ರಹವಾಗುತ್ತವೆ. ಆರ್.ಒ. ಯಂತ್ರದಲ್ಲಿ ಶೋಧಿಸಿದ ನೀರೇ ಬೇಕು. ತೊಟ್ಟಿಗೆ ಮೊದಲು ತುಂಬುವ ನೀರಿಗೂ ಇದೇ ನಿಯಮ: ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ಅಕ್ವೇರಿಯಂಗೆಂದೇ ತಯಾರಾದ ಸಾಗರ ಉಪ್ಪು ಬೆರೆಸಬೇಕು. ಅಡುಗೆಯ ಉಪ್ಪಿನಿಂದ ಕೆಲಸವಾಗದು.

ತುಂಬಿದ ತೊಟ್ಟಿಯ ತೂಕ ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ 350 ಕಿಲೋ ದಾಟುತ್ತದೆ, ಅದೂ ಅರ್ಧ ಚದರ ಮೀಟರಿನಷ್ಟು ಜಾಗದಲ್ಲಿ. ವಸತಿ ಕೋಣೆಗಳ ನೆಲಕ್ಕೆ ಭಾರತೀಯ ಮಾನಕ ಸಂಹಿತೆ ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 200 ಕಿಲೋ. ಹೊರೆ ಸುತ್ತಲಿನ ನೆಲಕ್ಕೆ ಹಂಚಿಹೋಗುವುದರಿಂದ ಗಾಬರಿಯ ಅಗತ್ಯವಿಲ್ಲವಾದರೂ ತೊಟ್ಟಿಯನ್ನು ಕೋಣೆಯ ನಡುವೆ ಇಡದೆ, ತೊಲೆಯ ಮೇಲೆ ಬರುವ ಗೋಡೆಯ ಪಕ್ಕದಲ್ಲಿಡಬೇಕು. ಇನ್ನೂ ದೊಡ್ಡ ತೊಟ್ಟಿಯಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಮುಂದುವರಿಯಬಾರದು. ಎಲ್ಲ ಪ್ಲಗ್‌ಗಳೂ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮೂಲಕವೇ ಹಾಯಬೇಕು. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತಿದ್ದರೆ ಹನಿಯುವ ಉಪ್ಪುನೀರು ಸಾಕೆಟ್ ಸೇರುವುದಿಲ್ಲ.

ಎಲ್ಲ ಜೋಡಣೆ ಮುಗಿದ ಮೇಲೆ ಉಪ್ಪು ಬೆರೆಸುವ ಮುನ್ನ ಬರಿಯ ನೀರು ತುಂಬಿ ಒಂದು ಹಗಲು, ಒಂದು ರಾತ್ರಿ ಓಡಿಸಬೇಕು. ಆ ಅವಧಿಯಲ್ಲಿ ಹತ್ತು ಬಾರಿಯಾದರೂ ಮೇನ್ ಸ್ವಿಚ್ ಆರಿಸಿ, ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಗುರುತು ಹಾಕಬೇಕು. ಇಳಿಯುವ ಕೊಳವೆಯೊಂದನ್ನು ಬಟ್ಟೆ ತುರುಕಿ ಮುಚ್ಚಿ ತೊಟ್ಟಿ ತುಳುಕುವುದೋ ಇಲ್ಲವೋ ನೋಡಬೇಕು. ಇವೆರಡರಲ್ಲೂ ನೆಲ ಒಣಗಿಯೇ ಉಳಿದರೆ ಉಪ್ಪಿನ ಚೀಲ ಬಿಚ್ಚಬಹುದು. ಅಲ್ಲಿಂದ ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಶೂನ್ಯ ತೋರಿಸುವವರೆಗೆ ತೊಟ್ಟಿಗೆ ಮೀನು ಬಿಡುವಂತಿಲ್ಲ.